ಗುರುಬಾಯಿಯ ತೂಕ

ಶಾಂತಾ, ನಿನ್ನ ತಾಯಿಯ ಎದೆಯಲ್ಲಿ ಗಂಟಿದೆ ಎಂದು ನನಗೆ ಗೊತ್ತಿತ್ತು. ಡಾಕ್ಟರಿಗೆ ತಿಳಿಯುವ ಹತ್ತು ತಿಂಗಳು ಮೊದಲೇ ಗೊತ್ತಿತ್ತು.

ಎಂಬತ್ತಾರನೆಯ ಇಸವಿ, ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಅಫಜಲಪುರದ ಬಸ್ ನಿಲ್ದಾಣದ ಹಿಂದಿದ್ದ ದವಾಖಾನೆಯಲ್ಲಿ, ತೂಕದ ಕಾಟಾದ ಎಡಕ್ಕೆ, ಗೋಡೆಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಆಗ ಅಲ್ಲಿ ಕಂಪೌಂಡರ್ ಆಗಿದ್ದೆ. ಬಂದವರನ್ನು ಕಾಟಾದ ಮೇಲೆ ನಿಲ್ಲಿಸಿ, ಪರದೆಯ ಆಚೆ ಕೂತ ಡಾಕ್ಟರಿಗೆ ಕೇಳುವಂತೆ ತೂಕವನ್ನು ಕೂಗಿ ಹೇಳುವುದು ನಮ್ಮಲ್ಲಿ ರೂಢಿ.

ನಿನ್ನ ತಾಯಿ ಗುರುಬಾಯಿ ಬಂದರು. ಅವರ ಖಾನಾವಳಿಯಲ್ಲಿ ನಾನು ಎರಡು ಹೊತ್ತೂ ಉಣ್ಣುತ್ತಿದ್ದೆ—ಕಡ್ಡಿ ಪೈಲ್ವಾನ ಎಂದು ನನ್ನನ್ನು ಕಾಡುತ್ತಲೇ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಅಂದು ಕಾಟಾ ಹತ್ತುವ ಮೊದಲು ನನ್ನ ಕಿವಿಯ ಹತ್ತಿರ ಬಾಗಿದರು.

"ಎದ್ಯಾಗ ಒಂದು ಗಂಟಾಗ್ಯಾದೋ ತಮ್ಮಾ. ಡಾಕ್ಟರ್ ಗಂಡಸು, ನನಗ ಹೇಳಾಕ ನಾಚಿಕಿ ಬರ್ತಾದ. ನೀನೇ ಹೇಳು."

ನಾನು ತಲೆಯಾಡಿಸಿದೆ. ಅವರು ಹತ್ತಿದರು. ಮುಳ್ಳು ನೂರನ್ನು ದಾಟಿ ಕೊನೆಗೆ ತಾಗಿ ನಿಂತಿತು. ಬೆಂಚಿನ ತುಂಬ ಜನ.

"ಕಾಟಾನೇ ಮುಗದು ಹೋತ್ರಿ ಅಕ್ಕಾ. ಅಡತಿ ಅಂಗಡಿಗೆ ನಡೀರಿ, ತೊಗರಿ ಚೀಲದ ಸಂಗಟ ತೂಗೂಣು," ಎಂದು ಕೂಗಿದೆ.

ಎಲ್ಲರೂ ನಕ್ಕರು. ಅವರೂ ನಕ್ಕರು. ಸೆರಗು ಎಳೆದುಕೊಂಡು ಇಳಿದು, ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ ಎಂದು ಹೇಳಿ ಹೊರಟುಹೋದರು. ಡಾಕ್ಟರಿಗೆ ನಾನು—ಹೇಳಲಿಲ್ಲ. ಅಂಥ ಮೈಯಲ್ಲಿ ಒಂದು ಗಂಟು ಇರದೆ ಇರುತ್ತದೆಯೇ ಎಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಮೆಲ್ಲಗೆ ಕೇಳಿದರು, ಡಾಕ್ಟರು ಏನಂದರು ಎಂದು.

"ಕೊಬ್ಬಿನ ಗಂಟಂತ್ರಿ ಅಕ್ಕಾ. ಮೈ ಇಳೀತಂದ್ರ ಅದೂ ಇಳೀತಾದ."

ಡಾಕ್ಟರ ಮಾತೆಂದು ನಂಬಿದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಿನಗೆ ನಾನು ಹೇಳಿದ್ದು ಇಷ್ಟೇ—ಅವ್ವನಿಗೆ ಇನ್ನು ಹೊತ್ತಿಗೆ ಒಂದೇ ರೊಟ್ಟಿ, ಕೇಳಿದರೂ ಕೊಡಬೇಡ. ನೀನು ಕೊಡಲಿಲ್ಲ. ಅವರು ಇಳಿಯುತ್ತ ಹೋದರು. ಚಳಿಗಾಲಕ್ಕೆ ಕುಪ್ಪಸ ಸಡಿಲಾಯಿತು, ನಾವೆಲ್ಲ ಹೊಗಳಿದೆವು. ಬೇಸಿಗೆಯಲ್ಲಿ ತಾವಾಗಿಯೇ ಬಂದು ಕಾಟಾ ಹತ್ತಿದರು. ಎಪ್ಪತ್ತೊಂದು ಎಂದು ನಾನು ಸಂತೋಷದಿಂದ ಕೂಗಿದೆ. ಪರದೆ ಸರಿಸಿ ಡಾಕ್ಟರು ಎದ್ದು ಬಂದರು. ಮೊದಲು ಎಷ್ಟಿತ್ತು ಎಂದು ಕೇಳಿದರು, ಒಳಗೆ ಕರೆದು ಪರೀಕ್ಷೆ ಮಾಡಿದರು. ಇಷ್ಟು ದಿನ ಗಂಟಿನ ವಿಷಯ ಯಾಕೆ ಹೇಳಲಿಲ್ಲ ಎಂದು ಗದರಿದರು.

ನಾನು ಹೇಳಿಯೇ ಇರಲಿಲ್ಲ ಎಂಬುದು ನಿನ್ನ ತಾಯಿಗೆ ಆಗ ತಿಳಿಯಿತು. ನನ್ನ ಕಡೆ ನೋಡಿ, ಡಾಕ್ಟರ ಕಡೆ ತಿರುಗಿದರು.

"ನನಗ ತಿಳೀಲಿಲ್ರಿ," ಎಂದರು. ಅಷ್ಟೇ.

ಕ್ಯಾನ್ಸರು, ಕಂಕುಳಿಗೂ ಹಬ್ಬಿದೆ ಎಂದು ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಹೇಳಿದರು. ಮುಟ್ಟು ನಿಂತ ಹೆಂಗಸರಿಗೆ ಬೊಜ್ಜಿದ್ದರೆ ಈ ರೋಗದ ಅಪಾಯ ಹೆಚ್ಚು. ತುಂಬಿದ ಎದೆಯಲ್ಲಿ ಗಂಟು ಬೇಗ ಕೈಗೆ ಸಿಗುವುದಿಲ್ಲ. ಉಳಿಯುವುದೂ ಕಷ್ಟ—ಅಲ್ಲಿಯ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ನಾನು ಆ ಮಾತನ್ನು ಹಿಡಿದುಕೊಂಡೆ. ಅವರ ಮೈಯೇ ಅವರಿಗೆ ಮುಳುವಾಯಿತು ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಅವರ ಕೈಗೆ ಗಂಟು ಸಿಕ್ಕಿತ್ತು, ಶಾಂತಾ. ಸಿಕ್ಕ ವಾರವೇ ಬಂದಿದ್ದರೋ ಏನೋ—ನಾನು ಕೇಳಲೇ ಇಲ್ಲ.

ದೀಪಾವಳಿಯ ಹೊತ್ತಿಗೆ ಅವರಿರಲಿಲ್ಲ. ಮಣ್ಣು ಮಾಡುವಾಗ ನೀನು ಅತ್ತು ಕೂಗಿದೆ—ಅವ್ವನನ್ನು ಉಪವಾಸ ಕೆಡವಿ ನಾನೇ ಕೊಂದೆ ಎಂದು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಹನ್ನೊಂದು ವರ್ಷವಾಯಿತು. ನೀನು ಈಗಲೂ ಹೊತ್ತಿಗೆ ಒಂದೇ ರೊಟ್ಟಿ ಉಣ್ಣುತ್ತೀಯಂತೆ.

ಗಂಟಿನ ವಿಷಯ ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಂದು ನಿನ್ನ ತಾಯಿ ನನ್ನ ಕಿವಿಯಲ್ಲಿ ಹೇಳಿದ್ದನ್ನು ಕಾಟಾದ ಪಕ್ಕಕ್ಕೇ ಬೆಂಚಿನ ತುದಿಯಲ್ಲಿದ್ದವರೊಬ್ಬರು ಕೇಳಿಸಿಕೊಂಡಿದ್ದರು, ಆಮೇಲೆ ನಾನು ಕೂಗಿದ್ದನ್ನೂ ಕೇಳಿದ್ದರು. ನಮ್ಮ ದವಾಖಾನೆಯ ಡಾಕ್ಟರು ತೀರಿಕೊಂಡರು. ಇವರು ಇದ್ದಾರೆ. ಘತ್ತರಗಿಯಲ್ಲಿ, ಗುಡಿಯ ಹಿಂದಿನ ಓಣಿಯಲ್ಲಿ ಮೂರನೆಯ ಮನೆ—ಕಸ್ತೂರಿಬಾಯಿ. ನನ್ನನ್ನು ನಂಬಬೇಡ. ಹೋಗಿ ಅವರನ್ನು ಕೇಳು.