ಯಾರೂ ನೇಮಿಸದ ಕಾವಲುಗಾರರು

ಮೂರನೇ ಮಹಡಿಯ ಮೇಲಿನ ತಾರಸಿಯಲ್ಲಿ, ಮೋಟುಗೋಡೆಯ ಆಚೆಗೆ, ನನ್ನ ಗೆಳೆಯನ ತಲೆ ಮತ್ತು ಎದೆ ಗಾಳಿಯಲ್ಲಿದ್ದವು. ಅವನ ಅಂಗಿ ಒಬ್ಬನ ಮುಷ್ಟಿಯಲ್ಲಿತ್ತು. ಒಂದು ಗುಂಡಿ ಕಿತ್ತು ಹಾರಿದ್ದನ್ನು ಕಂಡೆ. ಕೆಳಗೆ ಬಿದ್ದ ಸದ್ದು ಕೇಳಲಿಲ್ಲ. ಈಗಲೂ ಯಾರಾದರೂ ತಾರಸಿಯ ಅಂಚಿಗೆ ಒರಗಿ ಹರಟುತ್ತಿದ್ದರೆ ತೋಳು ಹಿಡಿದು ಈಚೆಗೆ ಎಳೆಯುತ್ತೇನೆ. ಅವರು ನಗುತ್ತಾರೆ. ನಾನೂ ನಕ್ಕಂತೆ ಮಾಡುತ್ತೇನೆ.

ಅಮೆರಿಕ ಇರಾಕಿಗೆ ನುಗ್ಗಿದ ವರ್ಷ ಅದು. ನಾವಿಬ್ಬರೂ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಒಂದು ಕೋಣೆ ಹಿಡಿದು ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದೆವು. ನಾನು ತುಮಕೂರು ಕಡೆಯವನು, ಅವನು ಬಿಜಾಪುರದವನು. ಬೀದಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್, ಸ್ಟೌ ಹಚ್ಚಿ ಅನ್ನಕ್ಕಿಡುವಾಗ ಮಾತ್ರ ಕನ್ನಡ.

ನಮ್ಮ ಕೋಚಿಂಗ್‌ನಲ್ಲಿ ವಾರಕ್ಕೊಮ್ಮೆ ಚರ್ಚೆ ಇರುತ್ತಿತ್ತು. ಚೀಟಿ ಎತ್ತಬೇಕು, ಯಾವ ಪಕ್ಷ ಬಂದರೂ ಅದು ನಮ್ಮದೇ ನಂಬಿಕೆ ಎನ್ನುವಂತೆ ವಾದಿಸಬೇಕು. ಆ ವಾರದ ವಿಷಯ, ಬಲಿಷ್ಠ ರಾಷ್ಟ್ರವೊಂದು ಜಗತ್ತಿನ ಪೊಲೀಸನಾಗಿ ಮುಂದುವರಿಯಬೇಕೇ ಎಂಬುದು. ನನಗೆ ಬಲಿಷ್ಠ ರಾಷ್ಟ್ರದ ಚೀಟಿ ಬಂತು. ಅವನಿಗೆ ಆಯುಧ ಬಚ್ಚಿಟ್ಟ ಆರೋಪ ಹೊತ್ತ ಸಣ್ಣ ದೇಶದ್ದು.

"ನಿನಗೇನಲೇ, ಆರಾಮ ಕೆಲಸ," ಎಂದ. "ಕೇಳಾಂವ ನೀನು. ಇಲ್ಲ ಅಂತ ತೋರಸಾಂವ ನಾನು. ಇಲ್ಲದ್ದನ್ನ ಹ್ಯಾಂಗ ತೋರಸೂದು?"

"ನಿಜ ಹೇಳಲಾ? ಪೊಲೀಸ್ ಇಲ್ಲದಿದ್ದರೆ ಪುಂಡರದೇ ರಾಜ್ಯ ಕಣೋ. ಚೀಟಿ ಬರದಿದ್ದರೂ ನಾನು ಇದನ್ನೇ ಹೇಳ್ತಿದ್ದೆ."

"ಅಚ್ಛಾ! ಹಂಗಾರ ಚಲೋ, ಮ್ಯಾಲೆ ಹೋಗೂಣು. ಕೋಣ್ಯಾಗ ನಿನ್ನ ದೊಡ್ಡಸ್ತಿಕಿ ಹಿಡಸೂದಿಲ್ಲ."

ತಾರಸಿಯಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡುವುದು ಆ ಬಡಾವಣೆಯ ಹುಡುಗರ ರೂಢಿ. ಸಂಜೆಯಾದರೆ ಒಂದು ತಾರಸಿಯಲ್ಲಿ ಸಂವಿಧಾನ, ಪಕ್ಕದ್ದರಲ್ಲಿ ಮೊಘಲರು. ನಾವೂ ಹಿಂದಿಯಲ್ಲೇ ಶುರುಮಾಡಿದೆವು. ನಮ್ಮ ಚರ್ಚೆಯ ಗುಂಪಿನಲ್ಲಿ ಹೆಚ್ಚಿನವರು ಬಿಹಾರದವರು, ಅವರೆದುರು ಹಿಂದಿಯಲ್ಲಿ ತಡವರಿಸಬಾರದೆಂಬ ಹಟ. ನಾನು ಬೆರಳು ತೋರಿಸಿ, "ಹಥಿಯಾರ್ ಕಹಾಂ ಛುಪಾಯೇ ಹೈಂ?" ಎಂದು ಗುಡುಗಿದೆ. ಆಯುಧಗಳನ್ನು ಎಲ್ಲಿ ಬಚ್ಚಿಟ್ಟಿದ್ದೀರಿ? ಅವನು ಎದೆ ಸೆಟೆಸಿ, ಇದ್ದರೂ ನಿಮಗೇಕೆ ಹೇಳಬೇಕು, ನೀವು ಯಾರು ಕೇಳಲು, ಎಂದು ಹಿಂದಿಯಲ್ಲೇ ಅಬ್ಬರಿಸಿದ. ಪಕ್ಕದ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು ಅರ್ಧ ಬಟ್ಟೆ ತಂತಿಯ ಮೇಲೇ ಬಿಟ್ಟು ಕೆಳಗಿಳಿದಳು. ನಾವು ಅದನ್ನು ನೋಡಿಯೂ ಮುಂದುವರಿಸಿದೆವು. ಓದುವ ಹುಡುಗರ ಅರಚಾಟ ಆ ಗಲ್ಲಿಗೆ ಹೊಸದಲ್ಲ ಎಂದುಕೊಂಡಿದ್ದೆವು.

ಆದರೆ ಗಲ್ಲಿಯಲ್ಲಿ ಆಗ ಒಂದು 'ಸುರಕ್ಷಾ ಸಮಿತಿ' ಹುಟ್ಟಿಕೊಂಡಿತ್ತು. ಕೆಲವು ದಿನಗಳ ಹಿಂದೆ ತರಕಾರಿ ಅಂಗಡಿಯ ಮುಂದೆ ವಾರಸುದಾರರಿಲ್ಲದ ಬ್ಯಾಗೊಂದು ಸಿಕ್ಕಿ, ಬಾಂಬೆಂದು ಎಲ್ಲರೂ ಓಡಿದ್ದರು. ಕೊನೆಗೆ ನೋಡಿದರೆ ಅದರಲ್ಲಿ ಹಳಸಿದ ರಾಜ್ಮಾದ ಡಬ್ಬಿ ಇತ್ತು. ಡಬ್ಬಿ ಚರಂಡಿಗೆ ಹೋಯಿತು, ಸಮಿತಿ ಉಳಿಯಿತು. ಮೂಲೆಯ ಜಿಮ್ಮಿನ ಮಾಲೀಕ ತನ್ನನ್ನು ತಾನೇ ಅಧ್ಯಕ್ಷನನ್ನಾಗಿ ಮಾಡಿಕೊಂಡಿದ್ದ. ಗಲ್ಲಿಯಲ್ಲಿ ಅವನಷ್ಟು ದಪ್ಪ ತೋಳು ಇನ್ನೊಬ್ಬರಿಗಿರಲಿಲ್ಲ. ಬೇರೆ ಅರ್ಹತೆಯನ್ನು ಯಾರೂ ಕೇಳಲಿಲ್ಲ.

ಅವನು ನಾಲ್ಕೈದು ಜನರೊಂದಿಗೆ ತಾರಸಿಗೆ ಬಂದ. ಮೊದಲು ಗೆಳೆಯನ ಹೆಸರು ಕೇಳಿದರು. ಹೆಸರಿನಿಂದಲೇ ಅವನ ಧರ್ಮ ತಿಳಿಯುತ್ತಿತ್ತು. ಆಮೇಲೆ ನನ್ನದು. ನನ್ನ ಹೆಸರು ಕೇಳಿದ ಮೇಲೆ, "ತೂ ಸೈಡ್ ಮೇಂ ಬೈಠ್," ನೀನು ಆ ಕಡೆ ಕೂರು, ಎಂದರು. ಆಯುಧ ಎಲ್ಲಿ ಎಂದು ಕೂಗಿದ್ದು ನಾನು. ಅದನ್ನು ಹೇಳಿದೆ. "ಭಾಯಿಸಾಬ್, ಇದು ಪರೀಕ್ಷೆಯ ತಯಾರಿ, ಇವನು ಇರಾಕ್, ನಾನು ಅಮೆರಿಕ!" ಒಬ್ಬ ನಕ್ಕ. "ಸುನೋ, ಅಮೆರಿಕ ಬೋಲ್ ರಹಾ ಹೈ," ಕೇಳ್ರಪ್ಪಾ, ಅಮೆರಿಕ ಮಾತಾಡ್ತಿದೆ, ಎಂದು ನನ್ನ ಎದೆಗೆ ಕೈಯಿಟ್ಟು ನೀರಿನ ಟ್ಯಾಂಕಿಗೆ ಒತ್ತಿ ಹಿಡಿದ.

ಇಬ್ಬರು ಕೆಳಗಿಳಿದು ಕೋಣೆ ಹುಡುಕಿದರು. ಹಾಸಿಗೆ ಸೀಳಿದರು, ಅಕ್ಕಿ ಸುರಿದರು. ಮೇಲೆ ಬಂದು, "ಕುಛ್ ನಹೀಂ ಹೈ, ಪ್ರಧಾನ್‌ಜೀ," ಎಂದು ಅಧ್ಯಕ್ಷನಿಗೆ ಹೇಳಿದರು. ನನ್ನ ಜೀವ ಮರಳಿತು. ಏನೂ ಇಲ್ಲವೆಂದ ಮೇಲೆ ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಎರಡು ಪದವಿ ಓದಿದವನ ಬುದ್ಧಿ ಅಷ್ಟೇ.

"ಇಲ್ಲ ಅಂದ್ರೆ ಬೇರೆ ಕಡೆ ಬಚ್ಚಿಟ್ಟಿದ್ದಾನೆ," ಎಂದ ಅಧ್ಯಕ್ಷ. ಆಗಲೇ ನನ್ನ ಗೆಳೆಯನನ್ನು ಮೋಟುಗೋಡೆಯ ಮೇಲೆ ಬಗ್ಗಿಸಿದ್ದು.

ಅವನ ಚಪ್ಪಲಿ ನೆಲ ಬಿಟ್ಟಿತ್ತು. ಕೈಗಳು ಗೋಡೆಯ ಸಿಮೆಂಟನ್ನು ಕೆರೆಯುತ್ತಿದ್ದವು. ಅವನು ಹಿಂದಿ ಮರೆತುಬಿಟ್ಟಿದ್ದ. "ಇಲ್ರೀ, ಇಲ್ರೀ ಯಪ್ಪಾ, ಏನೂ ಇಲ್ರೀ," ಎಂದು ಆ ಮುಖಗಳಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವರಿಗೆ ಅದೂ ಒಂದು ಗುಟ್ಟಿನ ಭಾಷೆಯಂತೆ ಕೇಳಿರಬೇಕು, ಇನ್ನಷ್ಟು ಬಗ್ಗಿಸಿದರು.

ಉಳಿಸಿದ್ದು ನ್ಯಾಯವೂ ಅಲ್ಲ, ಕರುಣೆಯೂ ಅಲ್ಲ. ಮನೆಯೊಡತಿ ಆಂಟಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಕಿರುಚಿದಳು: "ಅರೇ ಮೇರಿ ದೀವಾರ್! ಅದು ಹಳೇ ಗೋಡೆ, ನಾಲಾಯಕರಾ! ಇವನು ಇಲ್ಲಿಂದ ಬಿದ್ದು ಸತ್ತರೆ ನನ್ನ ಮನೆಗೆ ಬಾಡಿಗೆಗೆ ಯಾರು ಬರ್ತಾರೆ? ಹೊಡೆಯೋದಾದರೆ ಬೀದೀಲಿ ಹೊಡೀರಿ!" ಅಧ್ಯಕ್ಷನಿಗೆ ಮುಜುಗರವಾಯಿತು. ಹಿರಿಯರ ಮಾತು ಮೀರುವವನಲ್ಲ ಅವನು. ಗೆಳೆಯನನ್ನು ಈಚೆಗೆಳೆದು ನಿಲ್ಲಿಸಿ, ಅಂಗಿಯ ಧೂಳು ಒದರಿ, "ತಪ್ಪು ತಿಳಿಯಬೇಡ. ಗಲ್ಲಿಯ ಒಳಿತಿಗೆ," ಎಂದ.

ಎಲ್ಲರೂ ಇಳಿದುಹೋದ ಮೇಲೆ ನಾನು ಠಾಣೆಗೆ ಹೋಗೋಣ ಎಂದೆ. ಅವನು ನಲ್ಲಿಯ ಕೆಳಗೆ ಅಂಗೈ ಹಿಡಿದಿದ್ದ. ಉಗುರುಗಳ ಬುಡದಲ್ಲಿ ರಕ್ತ.

"ದೂರು ಕೊಟ್ಟು?"

"ಕೊಲೆ ಪ್ರಯತ್ನ ಕಣೋ ಇದು! ನಾನು ಸಾಕ್ಷಿ."

"ನಾಳೆ ನಾ ಪಾಸಾದ್ರ ಪೊಲೀಸ್ ವೆರಿಫಿಕೇಶನ್ ಬರತೈತಿ. ಠಾಣೇದಾಗ ನನ್ನ ಹೆಸರು ಕೇಳತಾರ. ದೂರು ಕೊಟ್ಟಾಂವೋ, ಆರೋಪ ಹೊತ್ತಾಂವೋ ಅಂತ ಯಾರು ನೋಡತಾರಲೇ? ಆಯುಧದ ವಿಷಯದಾಗ ಇಂವನ ಹೆಸರೈತಿ, ಅಷ್ಟ. ಸುಮ್ನಿರು."

ನಾವು ಠಾಣೆಗೆ ಹೋಗಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಆ ದಿನಗಳಲ್ಲಿ ಢಾಬಾದ ಟಿವಿಯಲ್ಲಿ ದೂರದ ಮರಳುಗಾಡಿನಲ್ಲಿ ಸೈನಿಕರು ನೆಲ ಅಗೆಯುವುದನ್ನು ತೋರಿಸುತ್ತಿದ್ದರು. ಅಲ್ಲೂ ಏನೂ ಸಿಕ್ಕಿರಲಿಲ್ಲ. ಸಿಗದಿದ್ದುದಕ್ಕೆ ಯಾರೂ ಹಿಂತಿರುಗಿ ಹೋಗಿರಲಿಲ್ಲ. ಜಗತ್ತಿಗೆ ಪೊಲೀಸ್ ಬೇಕೋ ಬೇಡವೋ ಎಂದು ಸಹಪಾಠಿಗಳು ರೊಟ್ಟಿ ಹರಿಯುತ್ತ ವಾದಿಸುತ್ತಿದ್ದರು. ನನಗೆ ಕೇಳಬೇಕಿದ್ದದ್ದು ಇಷ್ಟೇ: ಆ ಪೊಲೀಸನ ಮೇಲೆ ದೂರು ಕೊಡಲು ಠಾಣೆ ಎಲ್ಲಿದೆ? ಠಾಣೆ ಇರುವ ನಮ್ಮ ಗಲ್ಲಿಯಲ್ಲೇ ಒಬ್ಬ ಅಲ್ಲಿಗೆ ಹೋಗಲು ಹೆದರುತ್ತಾನೆ. ಠಾಣೆಯೇ ಇಲ್ಲದ ಕಡೆ, ಹುಡುಕುವವನೂ ತೀರ್ಪು ಹೇಳುವವನೂ ಗೋಡೆಗೆ ಬಗ್ಗಿಸುವವನೂ ಒಬ್ಬನೇ ಆದ ಕಡೆ, ಅದನ್ನು ಕಾವಲು ಎನ್ನುವುದು ಹೇಗೆ? ಪುಂಡರಿಗೆ ಪೊಲೀಸ್ ಬೇಕು, ನಿಜ. ದಪ್ಪ ತೋಳಿದ್ದವನೇ ಪೊಲೀಸ್ ಎಂದಾದರೆ ಪುಂಡ ಯಾರೆಂದು ಹೇಳುವವರು ಯಾರು?

ಆಂಟಿ ವಾರದೊಳಗೆ ಅವನಿಗೆ ಕೋಣೆ ಬಿಡಲು ಹೇಳಿದಳು. "ನೀನು ಒಳ್ಳೆ ಹುಡುಗ ಬೇಟಾ, ಆದರೆ ನಿನ್ನಿಂದ ಗಲಾಟೆ ಆಗುತ್ತೆ," ಎಂದಳು. ದೆಹಲಿಯದೇ ಇನ್ನೊಂದು ಬಡಾವಣೆಯಾದ ದ್ವಾರಕಾದಲ್ಲಿ ಕನ್ನಡದ ಕುಟುಂಬವೊಂದು ಅವನಿಗೆ ಒಂದು ಕೋಣೆ ಕೊಡಲು ಒಪ್ಪಿತು.

ಹೊರಟ ದಿನ ಪುಸ್ತಕಗಳ ಗೋಣಿಯನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಅವನು ಹಿಡಿದು ಗಲ್ಲಿ ದಾಟುತ್ತಿದ್ದೆವು. ಜಿಮ್ಮಿನ ಬಾಗಿಲಲ್ಲಿ ಅಧ್ಯಕ್ಷ ಲಸ್ಸಿ ಕುಡಿಯುತ್ತ ನಿಂತಿದ್ದ. ಅವನು ಏನೂ ಕೇಳಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ನನ್ನ ಗೆಳೆಯನೇ ನಿಂತ. ಗೋಣಿಯನ್ನು ನೆಲಕ್ಕಿಳಿಸಿ, ಹಗ್ಗ ಬಿಚ್ಚಿ, ಅದರ ಬಾಯಿ ಅಗಲಿಸಿ ತೋರಿಸಿದ. ಅಧ್ಯಕ್ಷ ಬಗ್ಗಿ ನೋಡಿ, ಮೀಸೆಯ ನೊರೆ ಒರೆಸಿಕೊಂಡು, "ಶಾಬಾಶ್," ಎಂದ.