ಕುದಿಯುವ ನೀರಿನಲ್ಲಿ ಎರಡು ತುಂಡು ತೊಗಲು

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮಧುರೆಯಿಂದ ಉತ್ತಮಪಾಳಯದ ಪಕ್ಕದ ನಮ್ಮ ಹಳ್ಳಿಗೆ ಬಂದಾಗ ನನಗೆ ಸಂತೋಷಕ್ಕಿಂತ ಗೊಂದಲವೇ ಹೆಚ್ಚಾಗಿತ್ತು. ಸಂಶೋಧನೆಗೆ ಸೇರಬಹುದು, ರಜೆ ಮುಗಿಯುವುದರೊಳಗೆ ವಿಷಯ ಆರಿಸಿಕೊಂಡು ಬಾ ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದರು. ಆದರೆ ಯಾವುದನ್ನು ಆರಿಸಿಕೊಳ್ಳುವುದು? ಆರ್ಗಾನ್, ಕ್ಸೆನಾನ್‌ನಂಥ ಅನಿಲಗಳು ಯಾವುದರ ಜೊತೆಗೂ ಸೇರುವುದಿಲ್ಲವೆಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು ನಾನು. ಆಮೇಲೆ ನೋಡಿದರೆ ವಿದೇಶದಲ್ಲಿ ಯಾರೋ ಕ್ಸೆನಾನನ್ನು ಸೇರಿಸಿಯೇ ಬಿಟ್ಟಿದ್ದಾರೆಂದು ಮೇಷ್ಟರೇ ಬಂದು ಹೇಳಿದರು. ಪಾಠವೇ ಹೀಗೆ ಕಾಲ ಕೆಳಗಿನಿಂದ ಸರಿದುಹೋದರೆ ನಿಲ್ಲುವುದೆಲ್ಲಿ?

ಮನೆಯಲ್ಲಿ ಇದನ್ನು ಹೇಳಿಕೊಳ್ಳಲು ಭಾಷೆಯೂ ಇರಲಿಲ್ಲ. ಓದಿದ್ದು ಇಂಗ್ಲಿಷಿನಲ್ಲಿ, ಶಾಲೆ ತಮಿಳಿನಲ್ಲಿ, ಮನೆಯೊಳಗೆ ಹಿರಿಯರು ವಲಸೆ ಬಂದಾಗ ತಂದ, ಈಗ ತಮಿಳು ಬೆರೆತ ನಮ್ಮ ಹಳೇ ಕನ್ನಡ. ಬಾಳೆತೋಟಕ್ಕೆ ನೀರು ಹಾಯಿಸಿ ಬಂದ ಅಪ್ಪ ಕೈಕಾಲು ತೊಳೆಯುತ್ತ, "ಇನ್ನೂ ಓದೋದೈತಾ?" ಎಂದರು.

"ಇನ್ನ ಓದೋದಲ್ಲಪ್ಪ. ಯಾರ್ಗೂ ತೆರಿಯದ್ದ ಕಂಡ್‌ಹಿಡೀಬೇಕು."

"ಯಾರ್ಗೂ ತೆರಿಯದ್ದು ನಿಂಗೆಂಗೆ ತೆರೀತದೆ?" ಅಪ್ಪ ತಮಾಷೆ ಮಾಡಲಿಲ್ಲ, ಯಾರಿಗೂ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗುತ್ತದೆಂದು ನಿಜವಾಗಿಯೇ ಕೇಳಿದರು.

ಆ ವಾರವೇ ದಿಂಡಿಗಲ್ಲಿನಿಂದ ಅವ್ವನ ತಮ್ಮ ಬಂದರು. ಮಾಮನದು ಆವಾರಂ ಪಟ್ಟೆಯ ವ್ಯಾಪಾರ. ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ ಅದು. ಅದನ್ನು ಕೊಂಡು ದಿಂಡಿಗಲ್ಲಿನ ತೊಗಲು ಹದಮಾಡುವ ಕಾರ್ಖಾನೆಗಳಿಗೆ ಕೊಡುತ್ತಿದ್ದರು. ಊಟವಾದ ಮೇಲೆ ಚೀಲದಿಂದ ಎರಡು ತುಂಡು ತೊಗಲು ತೆಗೆದರು. ಒಂದು ಕಂದು, ಇನ್ನೊಂದು ಮಂಕು ನೀಲಿ.

"ಪಾಪ್ಪಾ, ನೀ ಕೆಮಿಸ್ಟ್ರಿ ಓದ್ದೋಳು. ಇದು ನಮ್ ಪಟ್ಟೇಲಿ ಹದ ಮಾಡದ್ದು. ಇದು ಕ್ರೋಮ್ ಉಪ್ಪಲ್ಲಿ. ಈಗ ಎಲ್ಲಾರೂ ಕ್ರೋಮ್ ಕ್ರೋಮ್ ಅಂತಾರೆ. ನಾ ಇನ್ನ ಪಟ್ಟೆ ವಾಂಗ್ಲಾ, ಬ್ಯಾಡ್ವಾ?" ಇನ್ನು ಮುಂದೆ ಪಟ್ಟೆ ಕೊಳ್ಳುವುದೋ ಬಿಡುವುದೋ ಎಂಬುದು ಅವರ ಚಿಂತೆ.

"ಏ, ತೊಗಲ್ನ ಒಳಗ್ ತರ್ಬ್ಯಾಡ್ರೋ!" ಎಂದು ಅಜ್ಜಿ ಕೂಗಿದರು. ನಾವಿಬ್ಬರೂ ಹಿತ್ತಲಿಗೆ ಹೋದೆವು. ಕಾರ್ಖಾನೆಯವರು ಮಾಡುವ ಪರೀಕ್ಷೆಯೆಂದು ಮಾಮ ಮೂರು ಕಲ್ಲಿಟ್ಟು, ಹಳೇ ಡಬ್ಬಿಯಲ್ಲಿ ನೀರು ಕಾಯಿಸಿ, ಎರಡನ್ನೂ ಹಾಕಿದರು. ನೀರು ಕುದಿಯುವ ಮೊದಲೇ ಕಂದು ತುಂಡು ಸುರುಟಿಕೊಂಡು ಮುದುಡಿತು. ನೀಲಿ ತುಂಡು ಕುದಿಯುವ ನೀರಿನಲ್ಲೂ ಹಾಕಿದ ಹಾಗೆಯೇ ಇತ್ತು.

"ಯಾಕೆ?" ಎಂದರು ಮಾಮ.

ಪುಸ್ತಕದ ಎರಡು ವಾಕ್ಯ ನೆನಪಾದವು. ಹೇಳಲು ಬಾಯಿ ತೆರೆದರೆ ನಮ್ಮ ಭಾಷೆಯಲ್ಲಿ ಅವಕ್ಕೆ ಮಾತೇ ಸಿಗಲಿಲ್ಲ. "ಕ್ರೋಮ್ ಒಳಗ್ ಹೋಗಿ ಗಟ್ಟಿಯಾಗ್ ಹಿಡ್ಕೊಳ್ತದೆ ಮಾಮ," ಎಂದೆ.

"ಹಿಡ್ಕೊಳ್ತದೆ ಅಂತ ನಂಗೂ ಕಾಣ್ತದೆ. ಎಂಗೆ ಹಿಡೀತದೆ?"

ರಜೆ ಮುಗಿದಾಗ ಆ ಎರಡು ತುಂಡನ್ನೂ ಕಾಗದದಲ್ಲಿ ಸುತ್ತಿಕೊಂಡು ಮಧುರೆಗೆ ಹೋದೆ. ವಿಷಯ ಸಿಕ್ಕಿತೆಂದೇ ನಂಬಿದ್ದೆ. ಆದರೆ ವಿಭಾಗದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಸಸ್ಯಗಳ ರಸ ತೆಗೆದು ಪರೀಕ್ಷಿಸುತ್ತಿದ್ದ ಹಿರಿಯರು ಕಂದು ತುಂಡನ್ನು ಮೂಸಿ, "ತೊಗಟೆಯಲ್ಲಿರುವ ವಸ್ತುವಿನ ರಚನೆ ತಿಳಿಯದೆ ಮುಂದೆ ಹೋಗುವಂತಿಲ್ಲ. ಇದು ನಮ್ಮ ಕೆಲಸ," ಎಂದರು. ಲೋಹಗಳ ಸಂಯುಕ್ತ ಓದಿದವರಿಗೆ ನೀಲಿ ತುಂಡೇ ಬೇಕಾಯಿತು: ಪ್ರಶ್ನೆಯೆಲ್ಲ ಕ್ರೋಮಿಯಂ ತನ್ನ ಸುತ್ತ ಯಾವ ಅಣುಗಳ ಗುಂಪನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದರಲ್ಲಿದೆಯಂತೆ. ಮೂರನೆಯವರು ಎರಡನ್ನೂ ಸರಿಸಿ, ಮುದುಡಿದ್ದು ಶಾಖದಿಂದ ತಾನೆ, ಶಾಖದ ಲೆಕ್ಕ ಮಾಡು ಎಂದರು. ಹೊಸದಾಗಿ ಸೇರಿದ್ದ ಕಿರಿಯ ಮೇಷ್ಟರು ಕಾರಿಡಾರಿನಲ್ಲಿ ನಿಲ್ಲಿಸಿ, ತೊಗಲೂ ನೈಲಾನಿನಂತೆ ಉದ್ದುದ್ದ ಸರಪಳಿಯ ಅಣುವೇ, ಮುಂದಿನ ಕಾಲವೆಲ್ಲ ಪಾಲಿಮರ್‌ನದು ಎಂದು ಪಿಸುಗುಟ್ಟಿದರು.

ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದರು. ನನಗೆ ಅಳು ಬಂದದ್ದು ಅದಕ್ಕೇ. ಯಾರಾದರೂ ಒಬ್ಬರು ತಪ್ಪು ಹೇಳಿದ್ದರೆ ಅವರನ್ನಾದರೂ ಬಿಡಬಹುದಿತ್ತು.

ಕೊನೆಗೆ ಲೋಹಗಳ ಮೇಷ್ಟರ ಬಳಿ ಸೇರಿದೆ. ತುಂಬ ಯೋಚಿಸಿ ಮಾಡಿದ ತೀರ್ಮಾನ ಅಂತ ಆಮೇಲೆ ಕೇಳಿದವರಿಗೆಲ್ಲ ಹೇಳಿದ್ದುಂಟು. ನಿಜವೆಂದರೆ ಅವರ ಲ್ಯಾಬಿನಲ್ಲಿ ಮಾತ್ರ ಒಂದು ಮೇಜು ಖಾಲಿ ಇತ್ತು. ತೊಗಲು ಬಹಳ ಗೋಜಲಿನ ವಸ್ತು, ಅದನ್ನು ಬಿಡು, ಬರೀ ಕ್ರೋಮಿಯಂ ನೋಡು ಎಂದರು ಅವರು. ಸಂಶೋಧನೆ ಮುಗಿಯುವವರೆಗೂ ನಾನು ಮತ್ತೆ ತೊಗಲು ಮುಟ್ಟಲಿಲ್ಲ.

ಮಾಮ ನನ್ನ ಉತ್ತರಕ್ಕಾಗಿ ಕಾಯಲಿಲ್ಲ. ಪಟ್ಟೆ ವ್ಯಾಪಾರ ಬಿಟ್ಟು ಕಂಬಂ ಕಡೆ ದ್ರಾಕ್ಷಿ ತೋಟ ಮಾಡಿದರು. ಅವರು ಬಿಟ್ಟ ಮೇಲೂ ಕಾರ್ಖಾನೆಗಳು ಒಂದೇ ತೊಗಲಿಗೆ ಮೊದಲು ಕ್ರೋಮ್, ಆಮೇಲೆ ಪಟ್ಟೆ ಎಂದು ಎರಡನ್ನೂ ಬಳಸುತ್ತಿದ್ದವೆಂದು ಕೇಳಿದೆ. ಹಾಗಾದರೆ ಅವರು ಬಿಟ್ಟದ್ದು ಸರಿಯೋ ತಪ್ಪೋ, ನಾನು ಸುಮ್ಮನಿದ್ದುದೇ ಅವರಿಗೆ ಉತ್ತರವಾಯಿತೋ ಗೊತ್ತಿಲ್ಲ. ಮಾಮ ಮನೆಗೆ ಬಂದಾಗಲೆಲ್ಲ ದ್ರಾಕ್ಷಿ ತಂದುಕೊಟ್ಟು, "ಓದು ಎಂಗ್ ಹೋಗ್ತೈತೆ ಪಾಪ್ಪಾ?" ಎಂದಷ್ಟೇ ಕೇಳುತ್ತಿದ್ದರು.

ಲ್ಯಾಬಿನ ಮೊದಲ ದಿನ ಇನ್ನೂ ನೆನಪಿದೆ. ಮೇಷ್ಟರು ಕ್ರೋಮ್ ಆಲಂ ಎಂಬ ಕ್ರೋಮಿಯಂ ಉಪ್ಪಿನ ಹರಳುಗಳನ್ನು ಕೊಟ್ಟರು. ತಣ್ಣೀರಿನಲ್ಲಿ ಕರಗಿಸಿದೆ, ನೇರಳೆ. ಬಿಸಿ ಮಾಡಿದೆ, ಹಸಿರು. ಆರಲಿ ಎಂದು ಕಿಟಕಿಯ ಬಳಿ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ನೀರು ತಣ್ಣಗಾಗಿತ್ತು, ಬಣ್ಣ ಹಸಿರೇ ಇತ್ತು.

"ಯಾಕೆ ಸಾರ್?" ಎಂದೆ.

"ನಿನಗೆ ಏನನ್ನಿಸುತ್ತದೆ?" ಎಂದರು. ಮೊದಲಿನಿಂದ ಮಾಡಿ ನೋಡೋಣವೆಂದು ಇನ್ನೊಂದು ಬೀಕರಿನಲ್ಲಿ ಮತ್ತೆ ತಣ್ಣೀರು ತುಂಬಿಸಿಕೊಂಡೆ.