ಕೆರೆಯ ಮೇಲೆ ಅಮ್ಮನ ಕೂಗು

ನಾನು ಏನೇ ಹೇಳಿದರೂ ಅರ್ಧ ಕಳೆದು ಮಿಕ್ಕಿದ್ದನ್ನು ನಂಬುವುದು ನಮ್ಮ ಮನೆಯ ರೂಢಿ. ನಾನು ಹಿಡಿದ ಕಾಟ್ಲಾ ಮೀನಿನ ತಲೆ ಗೋಣಿಬೀಡಿನಲ್ಲಿದ್ದರೆ ಬಾಲ ಜಾವಳಿಯಲ್ಲಿತ್ತು ಎಂದು ಕಾಲೇಜಿನಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಹಾಗಾದರೆ ಅವತ್ತು ಬಸ್ಸು ಯಾವ ಕಡೆ ಸುತ್ತಿಕೊಂಡು ಹೋಯಿತು ಎಂದು ಕೇಳಿದರು. ದೆವ್ವದ ಕಥೆಗಳನ್ನಂತೂ ನಾನೇ ಹುಟ್ಟಿಸಿ ಊರಿಗೆ ಬಿಡುತ್ತಿದ್ದೆ. ಹಾಗಾಗಿ ಅವನ್ನು ನಂಬುವ ಮಾತೇ ಇರಲಿಲ್ಲ. ಸಾರು ಮಾಡಿದವನಿಗೆ ಅದಕ್ಕೆ ಏನೇನು ಹಾಕಿದ್ದೇನೆ ಎಂದು ಗೊತ್ತಿರುತ್ತದಲ್ಲ. ಈಗ ಹೇಳಹೊರಟಿರುವುದಕ್ಕೆ ನಾನು ಏನೂ ಹಾಕಿಲ್ಲ. ದಯವಿಟ್ಟು ಇದರಲ್ಲಿ ಅರ್ಧ ಕಳೆಯಬೇಡಿ.

ಆಗ ನಾನು ಹತ್ತನೇ ಕ್ಲಾಸು. ಆ ವರ್ಷ ಬೇಸಿಗೆಯಲ್ಲಿ ಅಮ್ಮನ ಕುತ್ತಿಗೆಯಲ್ಲಿ ಗಂಟು ಬೆಳೆದು ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಹಿಂದೆಯೇ ದನಿಯೂ ಹೋಯಿತು. ಬರಲೂಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಬಾಯಿ ತೆರೆದರೆ ಬರೀ ಗಾಳಿ. ಹತ್ತಿರ ಕಿವಿ ಇಟ್ಟರೆ ಒಂದೆರಡು ಮಾತು ಪಿಸುಗುಟ್ಟಿದಂತೆ ಕೇಳುತ್ತಿತ್ತು.

ನಮ್ಮ ಕಡೆ ತೋಟದೊಳಗೆ ಇರುವವರನ್ನು ಕರೆಯಬೇಕಾದರೆ ‘ಕೂ’ ಎಂದು ಉದ್ದಕ್ಕೆ ಕೂಗಬೇಕು. ಆ ಕಡೆಯವರು ತಿರುಗಿ ಕೂ ಎಂದರೆ ಎಲ್ಲಿದ್ದಾರೆ ಎಂದು ಗೊತ್ತಾಗುತ್ತದೆ. ಒಬ್ಬೊಬ್ಬರದು ಒಂದೊಂದು ಥರ. ಅಮ್ಮನದು ಕೆಳಗಿನಿಂದ ಹೊರಟು ಕೊನೆಯಲ್ಲಿ ಮೇಲಕ್ಕೆ ತಿರುಗುವ ಕೂ. ಅವಳು ನಮ್ಮನ್ನು ಊಟಕ್ಕೆ ಕರೆದರೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಎದ್ದು ಕೈ ತೊಳೆಯುತ್ತಿದ್ದರು. ಆಪರೇಷನ್ ಆದಮೇಲೆ ನಾವು ಗಡಿಯಾರ ನೋಡಿ ಊಟಕ್ಕೆ ಬರತೊಡಗಿದೆವು. ಅಮ್ಮ ಬಡಿಸುತ್ತಿದ್ದಳು, ನಾವು ತಿನ್ನುತ್ತಿದ್ದೆವು. ನಾನು ಜೋಕು ಹೇಳಿದರೆ ಫೋಟೋಕ್ಕೆ ನಕ್ಕ ಹಾಗೆ ನಗುತ್ತಿದ್ದಳು. ದುಃಖ ಅಂತಲೂ ಅಲ್ಲ. ತುಂಬ ಹೊತ್ತು ಕೂತು ಜೋಮು ಹಿಡಿದ ಕಾಲಿನ ಹಾಗಿತ್ತು ಇಡೀ ಮನೆ.

ದಸರಾ ರಜೆಯಲ್ಲಿ, ಇವಳನ್ನು ಎಲ್ಲಾದರೂ ಕರೆದುಕೊಂಡು ಹೋಗಬೇಕು ಎಂದರು ಅಪ್ಪ. ನಾನು ಕೂಡಲೇ ಕಯಾಕ್ ಎಂದೆ. ಚಿಕ್ಕಪ್ಪ ಜಾವಳಿಯ ಹತ್ತಿರ ಹೋಂಸ್ಟೇ ನಡೆಸುತ್ತಾರೆ. ಎಸ್ಟೇಟಿನ ಕೆರೆಯಲ್ಲಿ ಗೆಸ್ಟುಗಳು ಹುಟ್ಟು ಹಾಕಲೆಂದು ಇಬ್ಬರು ಕೂರುವ ಹಳದಿ ಕಯಾಕ್ ಇಟ್ಟಿದ್ದಾರೆ. ಅದರಲ್ಲಿ ಕೂತು ಗಾಳ ಹಾಕಿದರೆ ಮೀನುಗಳು ತಾವಾಗಿಯೇ ದೋಣಿ ಹತ್ತುತ್ತವೆ ಎಂದು ತಂಗಿ ಚಿನ್ನಿಗೆ ನಂಬಿಸಿದ್ದೆ. ನಮ್ಮದು ಮೀನಿನ ಹೆಸರು ಎತ್ತಿದರೆ ಬಾಯಿ ತೊಳೆಯಬೇಕಾದ ಮನೆ. ಆದರೆ ಹೈಸ್ಕೂಲು ಮೇಷ್ಟ್ರಾದ ಅಪ್ಪ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಹಿಡಿಯುವುದು, ಫೋಟೋ ತೆಗೆಯುವುದು, ಕ್ಷಮೆ ಕೇಳಿ ವಾಪಸು ಬಿಡುವುದು.

"ಗಾಳ ಚುಚ್ಚಿ ಆಮೇಲೆ ಸಾರಿ ಅಂದ್ರೆ ಅದಕ್ಕೆ ಎಂತ ಸಮಾಧಾನ ಅಪ್ಪ?" ಎಂದಳು ಚಿನ್ನಿ.

"ಸುಮ್ನಿರು ಮಾರಾಯ್ತಿ, ತಿನ್ನೋರ ಕೈಗೆ ಸಿಗೋದಕ್ಕಿಂತ ಒಳ್ಳೇದಲ್ವ," ಎಂದರು ಅಪ್ಪ.

ಕೆರೆ ತುಂಬಿತ್ತು. ಒಂದು ತುದಿಯಲ್ಲಿ ಹೆಚ್ಚಿನ ನೀರು ಕೋಡಿ ಹರಿದು ಕೆಳಗಿನ ಬಂಡೆಗಳ ಮೇಲೆ ಬೀಳುತ್ತಿತ್ತು. ಮಧ್ಯದಲ್ಲಿ ಬಿದಿರು ಬೆಳೆದ ಪುಟ್ಟ ದಿಬ್ಬ. ಮಧ್ಯಾಹ್ನದ ಮೇಲೆ ಮೊದಲು ನಾನೂ ಅಮ್ಮನೂ ಹೋಗಿಬಂದೆವು. ಮೀನು ಸಿಗಲಿಲ್ಲ. ಸಿಕ್ಕಿದ್ದು ಒಂದು ಹವಾಯಿ ಚಪ್ಪಲಿ, ಅದನ್ನೂ ಕ್ಷಮೆ ಕೇಳಿಯೇ ಬಿಟ್ಟೆ. ಅಮ್ಮ ಫೋಟೋದ ನಗು ನಕ್ಕಳು. ಆಮೇಲೆ ಅಪ್ಪ ಮತ್ತು ಚಿನ್ನಿ ಹೊರಟರು. ಇಬ್ಬರಿಗೂ ಲೈಫ್ ಜಾಕೆಟ್ ಇತ್ತು. ಚಿನ್ನಿಗೆ ಅದು ಎಷ್ಟು ದೊಡ್ಡದೆಂದರೆ ಅವಳು ಒಳಗೆ ಬಾಡಿಗೆಗೆ ಇದ್ದ ಹಾಗೆ ಕಾಣುತ್ತಿದ್ದಳು.

ದಿಬ್ಬದ ಹತ್ತಿರ ಅಪ್ಪನ ಗಾಳ ಬಿದಿರಿನ ಬೇರಿಗೆ ಸಿಕ್ಕಿಕೊಂಡಿತು. ಎಳೆದು ಎಳೆದು ಆಗದೆ ಅಪ್ಪ ದಿಬ್ಬದ ಮೇಲೆ ಕಾಲಿಟ್ಟು ಇಳಿದರು. ಅವರ ಭಾರ ಇಳಿದದ್ದೇ ಕಯಾಕ್ ಹಗುರಾಗಿ, ಚಿನ್ನಿಯನ್ನು ಕೂರಿಸಿಕೊಂಡು ಮೆಲ್ಲಗೆ ಜಾರಿತು. ಗಾಬರಿಪಡುವಂಥದ್ದೇನೂ ಇರಲಿಲ್ಲ, ಹುಟ್ಟು ಅವಳ ಕೈಯಲ್ಲೇ ಇತ್ತು. "ಈ ಕಡೆ ಹಾಕು, ಈ ಕಡೆ," ಎಂದು ಅಪ್ಪ ಹೇಳುವುದು ದಡದಲ್ಲಿದ್ದ ನಮಗೂ ಕೇಳುತ್ತಿತ್ತು. ಆಗ ಮಂಜು ಇಳಿಯಿತು. ನಮ್ಮ ಕಡೆ ಮಂಜು ಹೇಳಿಕೇಳಿ ಬರುವುದಿಲ್ಲ. ಗುಡ್ಡದ ಮೇಲಿನಿಂದ ಬಂದು ಕೆರೆಯನ್ನು ಮುಚ್ಚಿಬಿಟ್ಟಿತು. ದಿಬ್ಬ ಹೋಯಿತು, ಹಳದಿ ಕಯಾಕ್ ಹೋಯಿತು, ಕೊನೆಗೆ ನನ್ನ ಕಾಲ ಬಳಿಯ ನೀರು ಮಾತ್ರ ಉಳಿಯಿತು.

ನಾನು ಕೂ ಹಾಕಿದೆ. ದಿಬ್ಬದಿಂದ ಅಪ್ಪನೂ ಕೂ ಹಾಕಿದರು. ನಾವು ಮಾಡಿದ ತಪ್ಪು ಅದೇ. ಕಾಡಿನಲ್ಲಿ ದಾರಿ ತಪ್ಪಿದವರನ್ನು ಕರೆಯುವಾಗ ಒಬ್ಬರೇ ಕೂಗಬೇಕು, ಒಂದೇ ಜಾಗದಿಂದ ಕೂಗಬೇಕು ಎಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ಕೂ ದಡದಿಂದ, ಇನ್ನೊಂದು ದಿಬ್ಬದಿಂದ, ಎರಡನ್ನೂ ಸುತ್ತಲಿನ ಗುಡ್ಡಗಳು ಎಲ್ಲ ಕಡೆಯಿಂದ ವಾಪಸು ಕೊಡುತ್ತಿದ್ದವು. ಕೋಡಿಯ ಸದ್ದೂ ಹಾಗೆಯೇ, ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಮಧ್ಯೆ ಎಲ್ಲೋ ಚಿನ್ನಿ, "ಯಾವ ಕಡೆ ಬರ್ಲಿ ಅಪ್ಪ? ನೀರು ಎಳೀತಿದೆ," ಎಂದಳು. ಅವಳು ಅಳುತ್ತಿರಲಿಲ್ಲ. ಅದು ನನಗೆ ಇನ್ನೂ ಕೆಟ್ಟದೆನಿಸಿತು.

ನಾನು ಮೊಣಕಾಲು ನೀರಿಗೆ ಇಳಿದು ಮತ್ತೆ ಜೋರಾಗಿ ಕೂಗಲು ಬಾಯಿ ತೆರೆದೆ. ಅಮ್ಮ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದು, ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಬಲವಾಗಿ ಮುಚ್ಚಿದಳು, ಹಲ್ಲು ತುಟಿಗೆ ಒತ್ತಿತು. ಆ ಕಡೆ ಅಪ್ಪನ ಕೂಗೂ ನಿಂತಿತು. ಉಸಿರು ಕಟ್ಟಿ ಕೂಗುವುದಕ್ಕಾಗದೆ ಸುಮ್ಮನಾದೆ ಎಂದು ಅವರು ಆಮೇಲೆ ಹೇಳಿದರು. ಸ್ವಲ್ಪ ಹೊತ್ತು ಕೋಡಿಯ ನೀರು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆಮೇಲೆ ಕೂ ಕೇಳಿತು. ಕೆಳಗಿನಿಂದ ಹೊರಟು ಕೊನೆಯಲ್ಲಿ ಮೇಲಕ್ಕೆ ತಿರುಗುವ ಕೂ. ಅದರ ಹಿಂದೆಯೇ, ನಮ್ಮನ್ನು ಊಟಕ್ಕೆ ಕರೆಯುತ್ತಿದ್ದ ರಾಗದಲ್ಲಿ, "ಚಿನ್ನೀ, ಬಾರೇ."

ನಾನು ಅಮ್ಮನ ಮುಖ ನೋಡಿದೆ. ನಮ್ಮಿಬ್ಬರ ನಡುವೆ ಒಂದು ಗೇಣೂ ಇರಲಿಲ್ಲ. ಅವಳ ತುಟಿ ಮುಚ್ಚಿತ್ತು. ನನ್ನ ಬಾಯಿಯ ಮೇಲೆ ಅವಳ ಕೈ ಹಾಗೆಯೇ ಇತ್ತು. ಕೂಗಿದ್ದು ಯಾರೆಂದು ಅಮ್ಮನೂ ಹಿಂದೆ ತಿರುಗಿ ನೋಡುತ್ತಿದ್ದಳು. ಹಿಂದೆ ಕಾಫಿ ಗಿಡಗಳು, ಮಂಜು. ಮತ್ತೆ ಕೂ ಬಂತು. ಅದು ಗುಡ್ಡಕ್ಕೆ ಬಡಿದು ವಾಪಸು ಬರಲಿಲ್ಲ, ನಾವು ನಿಂತ ಜಾಗದಿಂದ ಮಾತ್ರ ಹೊರಡುತ್ತಿತ್ತು. ಆಗ ನನಗೆ ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ. ಮರಗಟ್ಟಿದ ಹಾಗೆ ನಿಂತಿದ್ದೆ, ಅಷ್ಟೇ.

ಹುಟ್ಟು ನೀರಿಗೆ ಬೀಳುವ ಸದ್ದು ಹತ್ತಿರವಾಯಿತು. ಮಂಜಿನಿಂದ ಹಳದಿ ಮೂತಿ ಹೊರಬಂದು ನೇರ ನಮ್ಮ ಕಾಲ ಬುಡಕ್ಕೆ ತಾಗಿತು. ಅಮ್ಮ ಚಿನ್ನಿಯನ್ನು ಎತ್ತಿಕೊಂಡಳು. ಜಾಕೆಟ್ಟಿನೊಳಗಿನಿಂದ ಚಿನ್ನಿ, "ಇಷ್ಟು ಹೊತ್ತು ಎಂತಕ್ಕೆ ಸುಮ್ನಿದ್ದೆ ಅಮ್ಮ? ಮೊದ್ಲೇ ಕರೆದಿದ್ರೆ ಮೊದ್ಲೇ ಬರ್ತಿದ್ದೆ," ಎಂದಳು.

ಮಂಜು ಸರಿದ ಮೇಲೆ ನಾನು ಕಯಾಕಿನಲ್ಲಿ ಹೋಗಿ ಅಪ್ಪನನ್ನು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವರು, "ದನಿ ಬಂತಲ್ಲೋ, ನಿನ್ನಮ್ಮನಿಗೆ ದನಿ ಬಂತಲ್ಲೋ," ಎನ್ನುತ್ತಿದ್ದರು. ನಾನು ಹುಟ್ಟು ಹಾಕುತ್ತಲೇ ಇದ್ದೆ. ದಡ ಹತ್ತಿದವರೇ ಅಮ್ಮನ ಎರಡೂ ಕೈ ಹಿಡಿದು, "ಇನ್ನೊಂದ್ಸಲ ಮಾತಾಡು. ಎಂತ ಬೇಕಾದ್ರೂ ಹೇಳು, ಬೈದ್ರೂ ಅಡ್ಡಿಯಿಲ್ಲ," ಎಂದರು. ಅಮ್ಮ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ಗಾಳಿ ಬಂತು. ಅಪ್ಪ ಇನ್ನೂ ಕಾಯುತ್ತಲೇ ಇದ್ದರು. ಎರಡನೇ ಸಲವೂ ಗಾಳಿ. ಅವರ ಮುಖದಿಂದ ಆ ಸಂತೋಷ ಇಳಿದುಹೋಗುವುದನ್ನು ನಾನು ನೋಡಬಾರದಿತ್ತು.

ಆಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ನೀನಾ? ಸ್ಕೂಲ್‌ಡೇಲಿ ಹೆಡ್ಮಾಸ್ಟರ ದನಿ ಮಾಡಿದ್ಯಲ್ಲ, ಹಂಗೇ ಮಾಡಿದ್ಯಾ?"

ಅಲ್ಲ ಎಂದೆ. ಆಣೆ ಹಾಕಿದೆ. ಅಮ್ಮ ನನ್ನ ಬಾಯಿ ಮುಚ್ಚಿದ್ದಳು, ಕೇಳಿ ಬೇಕಾದರೆ ಎಂದೆ. ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ನನ್ನನ್ನು ನೋಡಿದಳು, ಆಮೇಲೆ ಅಪ್ಪನನ್ನು. ಹೌದು, ಇವನೇ ಎಂದು ತಲೆಯಾಡಿಸಿದಳು.

"ಒಂದು ಸಲವಾದ್ರೂ ನಿನ್ನ ನಾಟಕ ಉಪಯೋಗಕ್ಕೆ ಬಂತು ಮಾರಾಯ," ಎಂದು ಅಪ್ಪ ನನ್ನ ಬೆನ್ನು ತಟ್ಟಿದರು. ಮೂಡಿಗೆರೆಯ ನೆಂಟರ ಮನೆಗಳಲ್ಲೆಲ್ಲ ಇವತ್ತಿಗೂ ಕಥೆ ಹಾಗೆಯೇ ಇದೆ. ನನ್ನನ್ನು ಕಂಡಾಗಲೆಲ್ಲ ಅಮ್ಮನ ದನಿ ಮಾಡು ಎನ್ನುತ್ತಾರೆ. ಜೀವಮಾನದಲ್ಲಿ ನಾನು ಪಡೆದ ದೊಡ್ಡ ಹೊಗಳಿಕೆ ಅದು, ನಾನು ಮಾಡದ ಕೆಲಸಕ್ಕೆ.

ಯೋಚನೆ ಮಾಡದೆ ಇಲ್ಲ. ಅವತ್ತು ಸಂತೆ, ಚಿಕ್ಕಪ್ಪನ ಮನೆಗೂ ಕೂಲಿಯವರ ಲೈನ್ ಮನೆಗಳಿಗೂ ಬೀಗ ಇತ್ತು. ಮೊಬೈಲುಗಳೆಲ್ಲ ಕಾರಿನಲ್ಲಿದ್ದವು. ಬೇರೆ ಯಾರೋ ಹೆಂಗಸು ಎಂದುಕೊಂಡರೂ ಅವಳಿಗೆ ಚಿನ್ನಿಯ ಹೆಸರು, ಆ ರಾಗ ಗೊತ್ತಿರಬೇಕಲ್ಲ. ನಾಲ್ಕೂ ಜನಕ್ಕೆ ಭ್ರಮೆ ಎಂದರೆ, ಕಯಾಕ್ ಬಂದು ಕಾಲಿಗೆ ತಾಗಿದ್ದು ಭ್ರಮೆಯಲ್ಲ.

ಅಮ್ಮನ ದನಿ ಇನ್ನೂ ಬಂದಿಲ್ಲ. ಹೋದ ತಿಂಗಳು ಅವಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ಅವತ್ತು ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ. ಅವಳು ನನ್ನ ಕಿವಿಯ ಹತ್ತಿರ ಬಂದಳು.

"ನಂದೇ ಅಂದಿದ್ರೆ, ನಿಮ್ಮಪ್ಪ ದಿನಾ ಕಾಯ್ತಿದ್ರು."

ಮತ್ತೆ ಯಾರು ಕೂಗಿದ್ದು ಎಂದೆ. ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಒಳಗಿನಿಂದ ನರ್ಸು ಅವಳ ಹೆಸರು ಕರೆದರು. ಅಮ್ಮ ಏಳಲಿಲ್ಲ. ಮತ್ತೆ ನನ್ನ ಕಿವಿಗೆ ಬಾಯಿ ತಂದು ಕೇಳಿದಳು.

"ನಂಗೂ ಕೇಳ್ತು. ಚೆನ್ನಾಗಿತ್ತಲ್ವನಾ, ದನಿ?"

ಹೌದು, ಚೆನ್ನಾಗಿತ್ತು ಎಂದೆ.